ನಾಲ್ಕು ಬೆರಳು

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೀಗದ ಕೈ ಗೊಂಚಲು ನನ್ನದಾಯಿತು.
ಒಟ್ಟು ಹನ್ನೊಂದು. ಅದರಲ್ಲಿ ಮೂರು ಯಾವ ಬೀಗದವೋ
ಯಾರಿಗೂ ಗೊತ್ತಿಲ್ಲ, ಬಿಸಾಡಲು ಧೈರ್ಯವೂ ಇಲ್ಲ.
ಲಗ್ಗೆರೆಯ ಮೊದಲ ಮಹಡಿ, ಕೆಳಗೆ ಹಿಟ್ಟಿನ ಗಿರಣಿ,
ನಮ್ಮ ಕಿಟಕಿ ಸರಳಿಗೆ ಯಾವಾಗಲೂ ರಾಗಿಯ ಧೂಳು.

ಹದಿಮೂರು ವರ್ಷ ನಾನಿಲ್ಲಿ ಸೂಜಿ ಮೇಡಂ.
ಕೂದಲಿಗಿಂತ ತುಸುವೇ ದಪ್ಪ, ಊದಿದರೆ ಹಾರುವ ಉಕ್ಕು.
ಗಾರ್ಮೆಂಟ್ಸಿನ ಹೆಂಗಸರು ಮಲಗಿಕೊಂಡೇ ನಗುತ್ತಿದ್ದರು:
"ದಿನವೆಲ್ಲ ನಾವು ಸೂಜಿ ಕೆಳಗೆ ಬಟ್ಟೆ ತಳ್ಳೋದು,
ಸಂಜೆ ನೀವು ನಮ್ಮನ್ನೇ ತಳ್ತೀರ."

ಈಗ ಕಮಿಟಿಯವರು ಕೊಟ್ಟ ಕುರ್ಚಿ ತಿರುಗುತ್ತದೆ,
ತಿರುಗಿದಾಗೆಲ್ಲ ಕಿರ್ರೆನ್ನುತ್ತದೆ.
ಮೇಜಿನ ಮೇಲೆ ಕರೆಂಟ್ ಬಿಲ್ಲು, ಹಳದಿ ಚೀಲದ ಕಸದ ಲೆಕ್ಕ,
ಬಾಡಿಗೆ ಏರಿಸುತ್ತೇನೆಂದು ಓನರ್ ತಿಮ್ಮರಾಯಪ್ಪನ ಕಾಗದ.
ಬಾಗಿಲಿಗೆ 'ಮುಖ್ಯಸ್ಥೆ' ಎಂದು ಬೋರ್ಡು ಬರೆಸಿದರು,
ಪೇಂಟರ್ ಒತ್ತು ಮರೆತು 'ಮುಖಸ್ಥೆ' ಮಾಡಿದ.
ತಿದ್ದಿಸಲಿಲ್ಲ.
ಒತ್ತುವುದು ಹೇಗೂ ನನ್ನ ಕೆಲಸ.

ಎರಡನೆಯ ದಿನವೇ ಜಗಳ.
ನೆಲ ಒರೆಸುವ ಮುನಿತಾಯಮ್ಮ, ಟೋಕನ್ ಕೊಡುವ ಸೆಲ್ವಿ,
ಒಂದು ತೂತು ಬಕೆಟ್ಟಿಗಾಗಿ ಪೀಣ್ಯದವರೆಗೂ ಕೇಳುವ ಹಾಗೆ.
ಮೊದಲಾದರೆ ಪರದೆ ಎಳೆದು ರೋಗಿಯ ಕಡೆ ತಿರುಗುತ್ತಿದ್ದೆ.
ಈಗ ಎಲ್ಲರೂ ನನ್ನ ಕಡೆ ತಿರುಗಿದ್ದಾರೆ.
ಮೆಮೊ ಕೊಡಿ ಅಂದರು ಖಜಾಂಚಿ.
ಉಗುರಲ್ಲಿ ಹೋಗುವುದಕ್ಕೆ ಕೊಡಲಿಯೇ?
ತಲೆನೋವೆಂದು ಬಂದವರ ಕಾಲ್ಬೆರಳ ಸಂದಿಗೆ ಹೋಗುವವಳು ನಾನು.
ರಿಜಿಸ್ಟರ್ ಬಿಚ್ಚಿ ಹಿಂದಿನ ತಿಂಗಳುಗಳನ್ನು
ಒಂದೊಂದಾಗಿ ಒತ್ತಿ ನೋಡಿದೆ, ಎಲ್ಲಿ 'ಹಾ' ಎನ್ನುತ್ತದೆಂದು.
ಹಾ ಅಂದದ್ದು ಸಂಬಳದ ತಾರೀಕು:
ಏಳು, ಹನ್ನೊಂದು, ಒಮ್ಮೆ ಹದಿನಾರು.
ಮುನಿತಾಯಮ್ಮನ ಚೀಟಿ ಕಂತು ಪ್ರತಿ ತಿಂಗಳೂ ಐದಕ್ಕೆ.

ಇನ್ನು ಮೇಲೆ ಮೂರನೇ ತಾರೀಕು ಎಂದು ಬರೆದು ಸಹಿ ಹಾಕಿದೆ,
ದುಡ್ಡು ಎಲ್ಲಿಂದ ಎಂಬುದು ಗೊತ್ತಿಲ್ಲದೆಯೇ.
ಅಷ್ಟಕ್ಕೆ ಬಕೆಟ್ಟಿನ ತೂತೇನೂ ಮುಚ್ಚಲಿಲ್ಲ.
ಹೊಸದಕ್ಕೆ ನೂರ ಎಂಬತ್ತು ರೂಪಾಯಿ. ವೋಚರ್ ಬೇಕಂತೆ.

ರಾತ್ರಿ ಎಣಿಸುವುದು ಹಳೆಯ ರೂಢಿ:
ಚುಚ್ಚಿದ್ದೆಷ್ಟು, ತೆಗೆದದ್ದೆಷ್ಟು.
ಸೂಜಿಯ ಲೆಕ್ಕ ಎಂದೂ ತಪ್ಪಲಿಲ್ಲ.
ದುಡ್ಡಿನದು ಮಾತ್ರ ಮೂರು ರಾತ್ರಿಯಿಂದ
ನಲವತ್ತು ರೂಪಾಯಿ ಹೆಚ್ಚಿಗೆ ಬರುತ್ತಿದೆ.
ಕಡಿಮೆ ಬಿದ್ದಿದ್ದರೆ ಕೈಯಿಂದ ಹಾಕಿ ಮಲಗುತ್ತಿದ್ದೆ.

ಶನಿವಾರ ಮೆಟ್ಟಿಲ ಮೇಲೆ ಕೋಲಿನ ಸದ್ದು.
ಹತ್ತೊಂಬತ್ತು ಮೆಟ್ಟಿಲು, ಎಂಟು ನಿಮಿಷ.
ಡಾಕ್ಟರ್ ಕಾವೇರಮ್ಮ. ಈ ಜಾಗ ಕಟ್ಟಿದವರು.
ಅವರಿಂದ ರಾಜೀನಾಮೆ ಬರೆಸಿದ್ದೂ ಇದೇ ಮೆಟ್ಟಿಲು.
ಕುರ್ಚಿ ಬಿಟ್ಟು ಎದ್ದೆ.
ಅವರು ಬೆಂಚಿನ ಮೇಲೆ ಕೂತು ಟೋಕನ್ ತೋರಿಸಿದರು:
ಇಪ್ಪತ್ತಾರು. "ಇನ್ನೂ ಐದು ಜನ ಇದಾರೆ, ಕೂತ್ಕೊ."

ಸರದಿ ಬಂದಾಗ ಕೇಳಿದರು, ಕುರ್ಚಿ ಹೇಗಿದೆ?
ಕಿರ್ರೆನ್ನುತ್ತೆ, ಅಂದೆ.
"ಎಣ್ಣೆ ಹಾಕಿಸಬೇಡ.
ಒಳಗೆ ಯಾರೋ ಇದಾರೆ ಅಂತ ಹೊರಗಿನವರಿಗೆ ಗೊತ್ತಾಗಲಿ."

ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು.
ನನ್ನದಲ್ಲ, ರೋಗಿಯದೇ ಬೆರಳಿನ ಅಳತೆ.
ಮೊದಲ ದಿನದ ಪಾಠ. ಇಡೀ ವಾರ
ಅದನ್ನೆಲ್ಲಿಟ್ಟು ಮರೆತಿದ್ದೆನೋ.
ಕೈ ಕೊಡಿ ಡಾಕ್ಟ್ರೇ, ಅಂದೆ.
ಗೆಣ್ಣು ಊದಿದ ನಾಲ್ಕು ಬೆರಳು, ಒಂದರಲ್ಲಿ
ತೆಗೆದಿಟ್ಟ ಉಂಗುರದ ಬಿಳಿ ಗೆರೆ.
ಅವರ ಕಾಲಿಗೆ ಅವರ ಕೈಯನ್ನೇ ಅಡ್ಡ ಹಿಡಿದು
ಕಿರುಬೆರಳು ಮುಗಿದಲ್ಲಿ ಒತ್ತಿದೆ.
ಹಾ, ಅಂದರು.

ಅಷ್ಟರಲ್ಲಿ ಕೆಳಗೆ ಗಿರಣಿ ಶುರುವಾಯಿತು. ಮಂಚ ನಡುಗಿತು.
ಯಾರದೋ ಐದು ಕಿಲೋ ರಾಗಿ ಮುಗಿಯಲಿ ಎಂದು
ಸೂಜಿ ಹಿಡಿದು ಕಾಯುತ್ತ ನಿಂತೆ.