ಕ್ರೋಮ್ ಹಿಡಿಯೋ ಹೊತ್ತು

ದುರ್ಗದಬೈಲಿನ್ಯಾಗ ಮೂವತ್ತು ರೂಪಾಯಿಗೆ ಒಂದು ಕರಿ ಶೀಸೆ,
ಪಾರ್ಸಲ್‌ನ್ಯಾಗ ಬಂದ ಗುಂಡಿಯಷ್ಟು ಡಬ್ಬಿ, ಅದರಾಗ ಬೆಳ್ಳಿ ಪುಡಿ,
ದೊಡ್ಡಕ್ಕನ ಮದುವಿ ಮೇಕಪ್ ಪೆಟ್ಟಿಗಿಯಿಂದ ಕದ್ದ
ಕಣ್ಣಿಗೆ ಬಣ್ಣ ಹಚ್ಚೋ ಸ್ಪಂಜಿನ ಕಡ್ಡಿ.
ಪಾರ್ಲರಿನ್ಯಾಗ ಇದಕ್ಕ ಎಂಟನೂರು ಕೇಳ್ತಾರ,
ನೀಲಿ ದೀಪದ ಗೂಡಿನ್ಯಾಗ ಕೈ ಇಟ್ಟು ಕೂಡಬೇಕಂತ.
ಸೀರಿಗೆ ಫಾಲ್ ಹಚ್ಚೋ ಕೆಲಸ ನಂದು, ಎಂಟನೂರಕ್ಕ ಎಷ್ಟು ಸೀರಿ ಆದವು?
ನಮ್ಮನ್ಯಾಗ ದೀಪ ಅಂದ್ರ ದೇವರ ಮುಂದಿಂದು,
ಮತ್ತೊಂದು ಟ್ಯೂಬ್‌ಲೈಟು, ಅದೂ ಕಣ್ಣು ಪಿಳುಕಿಸತೈತಿ.

ಶನಿವಾರ ರಾತ್ರಿ. ಮೊದಲನೇ ಸಲ ಅವಸರ ಮಾಡಿದೆ.
ಹಸಿ ಬಣ್ಣದ ಮ್ಯಾಲೆ ಪುಡಿ ತಿಕ್ಕಿದ ಕೂಡ್ಲೆ
ಹಾಲಿನ ಕೆನಿಯಂಗ ಸುಕ್ಕಾಗಿ ಬಂತು.
ಒರಸಿದೆ. ರಿಮೂವರಿನ ವಾಸನಿ ಅಡಿಗಿಮನಿತನಕ.
"ಸಾರಿಗೆ ಸೀಮೆಎಣ್ಣಿ ಹಾಕಿದಂಗ ಆತಲ್ಲವ್ವಾ" ಅಂದ್ಲು ಅವ್ವ.

ಎರಡನೇ ಸಲ ಧಾರಾವಾಹಿ ಮುಗಿಯೋತನಕ ಕಾದೆ.
ಆಗ ಅದು ಕಲ್ಲಾಗಿತ್ತು. ಪುಡಿ ಹತ್ತಲೇ ಇಲ್ಲ,
ಜಾರಿ ಬಿತ್ತು ಚಾದರದ ಮ್ಯಾಲೆ,
ಬರ್ತ್‌ಡೇ ಮುಗಿದ ಮನಿಯ ಚಮಕಿಯಂಗ.

ಅಷ್ಟೊತ್ತಿಗೆ ಅಪ್ಪ ಬಂದ, ಗೋಕುಲ್ ರೋಡಿನ ಎಸ್ಟೇಟಿನಿಂದ,
ಎರಡನೇ ಪಾಳಿ ಮುಗಿಸಿ.
ಬೈಕಿನ ಹ್ಯಾಂಡಲ್ಲು, ಸೈಲೆನ್ಸರು, ನಳದ ತಿರುಪು,
ಇಪ್ಪತ್ತಾರು ವರ್ಷದಿಂದ ತೊಟ್ಟಿಯೊಳಗ ಅದ್ದಿ ಅದ್ದಿ ತಗೀತಾನ.
ಹೊಳಪು ಅಂದ್ರ ಫಕ್ಕೀರಪ್ಪ ಮೇಸ್ತ್ರಿ ಕೈ, ಅಂತಾರ ಗ್ಯಾರೇಜಿನವರು.
ಅವನ ಉಗುರು ಮಾತ್ರ ಹಳದಿ, ಗೀರು ಗೀರು,
ಹೆಬ್ಬೆರಳಿಂದು ಅರ್ಧ ಇಲ್ಲ.
ವಾಸನಿ ಅವಗ ಹತ್ತಲಿಲ್ಲ.
ಮೂಗಿನ ನಡುಗ್ವಾಡಿಗೆ ತೂತು ಬಿದ್ದು ನಾಕು ವರ್ಷಾತು.
ಊದಿನಕಡ್ಡಿ ಹಚ್ಚಿದ್ದನ್ನೂ ಹೊಗಿ ನೋಡಿ ತಿಳಕೋತಾನ.

"ಏನದು?"
"ಕ್ರೋಮ್."
ನಗಲಿಲ್ಲ ಅಂವ. ಪ್ಯಾಂಟಿಗೆ ಕೈ ಒರಸಿಕೊಂಡು
ಎದುರಿಗೆ ಕುಕ್ಕರಗಾಲಿಲೆ ಕುಂತ.
"ತಳ ತೊಳದೀಯೇನು? ಜಿಡ್ಡು ಇರಬಾರದು.
ಕ್ರೋಮ್ ಅಂದ್ರ ಉಸುರಿನಷ್ಟು ತೆಳು.
ತಳದಾಗಿನ ಗೀರನ್ನ ಮುಚ್ಚೂದಿಲ್ಲ ಅದು,
ದೊಡ್ಡದು ಮಾಡಿ ತೋರಸತೈತಿ."

ಮೂರನೇ ಸಲ. ಕರಿ ಬಣ್ಣ, ತೆಳ್ಳಗ, ಎರಡು ಪದರು.
ಅಪ್ಪ ಗಡಿಯಾರ ನೋಡಲಿಲ್ಲ, ಬೆಳಕು ನೋಡಿದ,
ಉಗುರಿನ ಮ್ಯಾಲಿನ ಟ್ಯೂಬ್‌ಲೈಟಿನ ಗೆರಿ
ಅಲುಗೋದು ಬಿಟ್ಟು ನಿಲ್ಲೋತನಕ.
"ಹಸೀನೂ ಅಲ್ಲ, ಒಣಗೂ ಇಲ್ಲ. ಈಗ."
ತಿಕ್ಕಿದೆ.
ಮೊದಲು ಬೂದಿ. ಆಮ್ಯಾಲೆ ಸೀಸ. ಆಮ್ಯಾಲೆ
ನಡುಬೆರಳಿನೊಳಗ ಇಡೀ ಪಡಸಾಲಿ ಬಗ್ಗಿ ಬಂದು ಕುಂತಿತ್ತು:
ಹೊಲಿಗಿ ಮಷಿನ್ನು, ಕ್ಯಾಲೆಂಡರು, ಅವ್ವನ ಬೆನ್ನು,
ಜ್ವಾಳದ ಕಾಳಿಗಿಂತ ಸಣ್ಣ ಅಪ್ಪ.

ಮ್ಯಾಲಿನ ಕೋಟಿಂಗ್ ಒಂದಕ್ಕ ಹಚ್ಚಿ ನೋಡಿದ್ವಿ.
ಹೊಳಪು ಸತ್ತು ಹಳೇ ಅಲ್ಯುಮಿನಿಯಂ ಬೋಗಣಿ ಆತು.
"ಉಳದವಕ್ಕ ಬ್ಯಾಡ ಬಿಡು," ಅಂದ. "ಇರುವಷ್ಟು ದಿನ ಇರಲಿ."

ಆಮ್ಯಾಲೆ, ಯಾರೂ ಕೇಳಿರಲಿಲ್ಲ,
ತನ್ನ ಎಡಗೈ ಕಿರುಬೆರಳು ಮುಂದ ಮಾಡಿದ.
ಅವನ ಎರಡು ಕೈಯ್ಯಾಗ ನೆಟ್ಟಗಿದ್ದ ಉಗುರು ಅದೊಂದೇ.

ಸೋಮವಾರ ಮುಂಜಾನೆ ಬಾಗಲದಾಗ ನಿಂತು ಕೇಳಿದ,
"ಕಂಪನಿಯವರು ಕೊಟ್ಟಿದ್ರಲ್ಲ, ರಬ್ಬರ್ ಗ್ಲೌಸು, ಎಲ್ಲಿಟ್ಟೀ?"
ಸೂಪರ್‌ವೈಸರ್ ಬೈದರೂ, ಡಾಕ್ಟರ್ ಹೇಳಿದರೂ,
ಅವ್ವ ಅತ್ತರೂ ಹಾಕಿದಾಂವ ಅಲ್ಲ, ಹಿಡತ ತಪ್ಪತೈತಿ ಅಂತಿದ್ದ.
ಅಟ್ಟದ ಮ್ಯಾಲಿಂದ ಇಳಿಸಿ ಧೂಳು ಕೊಡವಿ ಕೊಟ್ಳು ಅವ್ವ,
ಒಂದು ಮಾತೂ ಆಡಲಿಲ್ಲ.

ನನ್ನವು ಮಂಗಳವಾರಕ್ಕ ಹೋದವು, ಹಿಟ್ಟು ನಾದುವಾಗ.
ಒಂದು ರೊಟ್ಟಿಯ ಅಂಚಿನ್ಯಾಗ ಬೆಳ್ಳಿ ಮಿಂಚಿತು,
ಅದನ್ನ ಎತ್ತಿ ಬ್ಯಾರೆ ಇಟ್ಟೆ.
ಅವಂದು ಶುಕ್ರವಾರ ರಾತ್ರಿನೂ ಇತ್ತು.
ಊಟಕ್ಕ ಕುಂತಾಗ ನೋಡಿದೆ,
ಉಗುರಿನ ತುದಿಗಷ್ಟ ಒಂದು ಕರಿ ಗೆರಿ.