ಕುಟ್ಟುವವರು

ಹುಣಸೆ ತೋಪಿನ ಮೂರನೇ ಮರದಲ್ಲಿ
ಒಣಗಿದ ಕೊಂಬೆಗೆ ಬೆಳಿಗ್ಗೆಯಿಂದ
ಮರಕುಟಿಗದ ಮರಿಯೊಂದು ಅಂಟಿಕೊಂಡಿದೆ.
ಪೊಟರೆ ಬಿಟ್ಟು ನಾಕು ದಿನವಾಗಿರಬೇಕು,
ಹೆಚ್ಚೆಂದರೆ ಐದು.

ಅವ್ವನ ಬೆನ್ನಿನ ಹೊಳಪು ಇದಕ್ಕಿಲ್ಲ,
ಹತ್ತು ಸಲ ನೀರು ಕಂಡ ಅರಿಶಿನದ ದಾರ.
ನೆತ್ತಿಯ ಕೆಂಪು ಇನ್ನೂ ಜುಟ್ಟಾಗಿಲ್ಲ,
ಎಣ್ಣೆ ಕಾಣದ ಕೂಸಿನ ತಲೆಯಂತೆ ಕೆದರಿದೆ.
ಹಣೆಯ ಕಪ್ಪಿನ ಮೇಲೆ ಚುಕ್ಕಿ ಚುಕ್ಕಿ,
ಯಾರೋ ಸುಣ್ಣದ ಕೈ ಕೊಡವಿದ್ದಾರೆ.
ಎದೆ ಮಾಸಲು, ಮೀನಿನ ಹುರುಪೆಯ ಗೆರೆ.

ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ,
ಊರುಗೋಲಿಗೆ ಬಾಲ.
ಅಷ್ಟನ್ನು ಯಾರೂ ಹೇಳಿಕೊಡಲಿಲ್ಲ.
ಕುಟ್ಟಲು ಮಾತ್ರ ಬಾರದು.

ಟಕ್.
ತಲೆ ಓರೆ ಮಾಡಿ ಕೇಳಿಸಿಕೊಂಡು
ಟಕ್ ಟಕ್.
ಒಂದೇಟು ತೊಗಟೆಗೆ, ಒಂದೇಟು ಗಾಳಿಗೆ.
ಗಳಕ್ಕೆ ಎಟುಕದೆ ಉಳಿದ ಕಾಯಿಗೊಂಚಲಿಗೆ ಕುಕ್ಕಿ
ಅದು ಗಲಗಲ ಅಂದದ್ದಕ್ಕೆ ತಾನೇ ಬೆಚ್ಚಿ
ಕೊಂಬೆಯ ಆಚೆ ಮಗ್ಗುಲಿಗೆ ಜಾರಿತು.
ಒಂದು ಕಣ್ಣನ್ನಷ್ಟೇ ಈಚೆ ಇಟ್ಟಿತು.

ಕೆಳಗೆ ನಾವು ಏಳು ಜನ,
ಏಳು ಕಲ್ಲು, ಏಳು ಸುತ್ತಿಗೆ.
ಎಂಟನೆಯವಳು ಸಿದ್ದಗಂಗಿ,
ನಿನ್ನೆ ಕೂಲಿಗೆ ಸೇರಿದವಳು,
ಹೆಬ್ಬೆರಳಿಗೆ ಆಗಲೇ ಬಟ್ಟೆ.
‘ಕಾಯಿ ಕುಟ್ಟಮ್ಮಿ, ಬೆರಳಲ್ಲ’
ಅಂದಳು ದೊಡ್ಡೀರಕ್ಕ, ತಲೆ ಎತ್ತದೆ.
ಸಿದ್ದಗಂಗಿ ತಲೆ ಎತ್ತಿಯೇ ಕುಟ್ಟುತ್ತಾಳೆ,
ಅದಕ್ಕೇ ಬಟ್ಟೆ.

ದುರ್ಗದ ಕಾಡಿನ ಕಡೆಯಿಂದ
ನಗುವಂಥ ಕೂಗೊಂದು
ಏರುತ್ತ ಇಳಿಯುತ್ತ ಬಂತು: ಅವ್ವ.
ಮೊದಲ ಸಲ ಬಾಯಿಗೆ ಇರುವೆ ಮೊಟ್ಟೆ.
ಎರಡನೇ ಸಲ ಬಾಯಿ ತೆರೆದದ್ದೇ ಬಂತು.
ಅವಳು ಪಕ್ಕ ಕೂತು ತೊಗಟೆಯ ಚಕ್ಕೆಯೊಂದನ್ನು
ನಾಕೇಟಿಗೆ ಎಬ್ಬಿಸಿ,
ತಾನೂ ತಿನ್ನದೆ ಹಾರಿಹೋದಳು.

ಮರಿ ತುಂಬ ಹೊತ್ತು ಅವಳು ಹೋದ ದಿಕ್ಕು ನೋಡಿತು.
ಆಮೇಲೆ ಆ ಸಂದು.
ಕೊಕ್ಕಿಗಿಂತ ಉದ್ದದ ನಾಲಿಗೆ
ದಾರದಂತೆ ಹೊರಬಂದು ಒಳಗೆ ಹೋಯಿತು,
ಏನು ಸಿಕ್ಕಿತೋ, ಕೆಳಗಿನಿಂದ ಕಾಣಲಿಲ್ಲ.

ಸಂಜೆ ತಕ್ಕಡಿ ಬಂತು.
ದೊಡ್ಡೀರಕ್ಕನದು ಹದಿನಾರು, ನನ್ನದು ಹದಿಮೂರೂವರೆ,
ಸಿದ್ದಗಂಗಿಯದು ನಾಕು, ಅದರಲ್ಲೂ ಬೀಜ.
ಸಾಹುಕಾರರ ಮಗ ಮುಖ ಸಿಂಡರಿಸಿ ಬರೆದುಕೊಂಡ.
ಅವಳು ಬಟ್ಟೆ ಸುತ್ತಿದ ಬೆರಳನ್ನು
ಮರದ ಕಡೆ ತೋರಿಸಿ ಕೇಳಿದಳು,
‘ಅದರದ್ದು ಎಷ್ಟು ಬರ್ಕೊಂಡ್ರಿ?’