ಒಂದರ ಹಂಗು ಇನ್ನೊಂದಕ್ಕಿಲ್ಲ

ತೋರ್ಸ್‌ಹಾವ್ನ್‌ನಿಂದ ಹಡಗಿನಲ್ಲಿ ಬಂದವನು, ಟೊರ್ಕಿಲ್,
ಮೂರು ವಾರ ನನ್ನ ಬೆನ್ನ ಹಿಂದೆ ಕೂತ,
ಎಡಗೈಲಿ ಸ್ಟಾಪ್‌ವಾಚು, ಬಲಗೈಲಿ ಸೀಸದಕಡ್ಡಿ.
ಹಲಗೆಯ ಮೇಲೆ ಯಾರದೋ ನಂಬರಿನ
ಹಿತ್ತಾಳೆ ರೆಪ್ಪೆ ಕಳಚಿ ಬಿದ್ದರೆ ಒಂದು ಗೀಟು,
ನಾನು ತಂತಿ ಚುಚ್ಚಿದರೆ ಇನ್ನೊಂದು.
ಕೆಮ್ಮಿದ್ದನ್ನೂ ಬರೆದುಕೊಂಡನೋ ಏನೋ.

ನಲವತ್ತೊಂದು ಮನೆ, ಐದು ಜೋಡಿ ತಂತಿ.
ಎರಡು ಹೆಚ್ಚಾಯಿತು ಅಂದ ಕೊನೆಗೆ.
ಗಂಟೆಗೆ ಹದಿನೆಂಟು ಕರೆ, ಒಂದೊಂದೂ ಎರಡೂವರೆ ನಿಮಿಷ;
ಮೂರು ಜೋಡಿ ಇದ್ದರೆ ನೂರರಲ್ಲಿ ನಾಲ್ವರು ಕಾದಾರು,
ಅದೂ ನಿಮಿಷದ ಮೇಲೆ ಚೂರು.
ಲೆಕ್ಕ ಚೆನ್ನಾಗಿತ್ತು. ನಾನೂ ಕೂಡಿ ನೋಡಿದೆ.

ಒಂದೇ ಷರತ್ತು, ಅಂದ:
ಒಂದು ಕರೆಯ ಹಂಗು ಇನ್ನೊಂದಕ್ಕಿರಬಾರದು.
ಮಾರ್ಟನ್‌ಗೆ ಉಪ್ಪಿನ ದರ ಬೇಕಾದದ್ದಕ್ಕೂ
ಬಿಲ್ಲಾಳ ಹಸು ಮೇವು ಬಿಟ್ಟದ್ದಕ್ಕೂ ಎಲ್ಲಿಯ ನಂಟು?
ಇಲ್ಲ, ಅಂದೆ. ಇರಲೂ ಇಲ್ಲ, ಆ ಮೂರು ವಾರ.
ಗಂಡಸರೆಲ್ಲ ಐಸ್‌ಲ್ಯಾಂಡಿನ ಕೆಳಗೆ ಕಾಡ್ ಮೀನು ಹಿಡಿಯುತ್ತಿದ್ದರು.
ಎರಡು ಜೋಡಿಯನ್ನು ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು
ಟೊರ್ಕಿಲ್ ಹಡಗು ಹತ್ತಿದ.

ಏಪ್ರಿಲ್ ಹನ್ನೊಂದು. ಮಂಜು ಹರಿದಾಗ
ಕೊಲ್ಲಿಯ ಬಾಯಲ್ಲಿ 'ಟರ್ನನ್',
ಬಾವುಟ ಅರ್ಧಕ್ಕಿಳಿದಿತ್ತು.
ಹಾಯಿಹಡಗಿನಲ್ಲಿ ಹದಿನೇಳು ಜನ.
ಒಂದು ರೆಪ್ಪೆ ಬಿತ್ತು.
ಆಮೇಲೆ ಆಲಿಕಲ್ಲು ಸುರಿದ ಹಾಗೆ ಹದಿನಾರು.

ಮೂರು ಜೋಡಿ. ನಿಜ ಹೇಳಬೇಕೆಂದರೆ
ಐದಿದ್ದರೂ ಅಷ್ಟೇ, ಬಂದರಿಗೆ ಹೋಗುವ ಲೈನು ಒಂದೇ.
(ಕಾಗದ ಬರೆದೆ, ಜೂನಿನಲ್ಲಿ ತಂತಿ ವಾಪಸ್ ಬಂತು, ಅದಿರಲಿ.)
ಯಾರಿಗೂ ಕೊಡದೆ ಆ ಲೈನನ್ನು ನಾನೇ ಹಿಡಿದೆ.
ಕಾದೆ. ಹೆಸರು ಕೇಳಿಕೊಂಡೆ.
ಆಮೇಲೆ ಒಂದೊಂದಾಗಿ ಚುಚ್ಚುತ್ತ ಹೋದೆ:
ನಿಮ್ಮವರಲ್ಲ. ನಿಮ್ಮವರಲ್ಲ. ನಿನ್ನ ಮಗನಲ್ಲ, ಬಿಲ್ಲಾ.
ಎರಡೂವರೆ ನಿಮಿಷದ ಮಾತು
ನಾಲ್ಕು ಸೆಕೆಂಡಿಗೆ ಇಳಿಯಿತು.
ಯಾರೂ ಥ್ಯಾಂಕ್ಸ್ ಅನ್ನಲಿಲ್ಲ, ಉಸಿರು ಬಿಟ್ಟರು.

ಮೊದಲು ಬಂದವರಿಗೆ ಮೊದಲು,
ಟೊರ್ಕಿಲ್‌ನ ಕಾಗದದಲ್ಲಿ ಅದೂ ಇತ್ತು.
ಮೊದಲು ಬಿದ್ದದ್ದು ಎಲ್ಸ್ಪಾಳ ರೆಪ್ಪೆ,
ಇಪ್ಪತ್ತಾರನೇ ನಂಬರು.
ಅದೊಂದನ್ನು ದಾಟಿ ದಾಟಿ ಕೈ ಹೋಯಿತು,
ಹಲಗೆಯಲ್ಲಿ ಅದೊಂದೇ ಉಳಿಯುವವರೆಗೆ.

ಚುಚ್ಚಿದೆ. ಬಾಯಿ ತೆರೆಯುವ ಮುಂಚೆ ಅವಳೇ ಅಂದಳು:
"ಇಷ್ಟು ಹೊತ್ತು ಕಾಯಿಸಿದೆಯಲ್ಲ, ಸುನ್ವರ್.
ಗೊತ್ತಾಯಿತು."